ಮಕ್ಪೇಲದ ಗವಿ



ಹೋದ ಸೋಮವಾರ ಭಕ್ತರೊಬ್ಬರು ಮಠಕ್ಕೆ ಬಂದು, ತಂದೆಯ ಸಮಾಧಿಯಿರುವ ಹೊಲವನ್ನು ಮಾರಬೇಕಾಗಿ ಬಂದಿದೆ, ಮಾರಬಹುದೇ ಎಂದು ಕೇಳಿದರು. ತಂದೆ ಲಿಂಗೈಕ್ಯರಾದ ಮೇಲೆ ಮಣ್ಣಿನಲ್ಲಿ ಉಳಿದುದೇನು ಎಂದು ತಮ್ಮನ ವಾದವಂತೆ. ಅಣ್ಣನ ಮನಸ್ಸು ಒಡಂಬಡದು. ನಾವು ಕೂಡಲೇ ಉತ್ತರ ಕೊಡಲಿಲ್ಲ. ಹೂಳುವ ಸಂಸ್ಕಾರ ನಮ್ಮಲ್ಲಿರುವಂತೆ ಪ್ರಾಚೀನ ಯಹೂದ್ಯರಲ್ಲಿಯೂ ಇದ್ದಿತು. ಹೀಬ್ರೂ ಧರ್ಮಗ್ರಂಥವು ಇದನ್ನು ವಿಸ್ತಾರವಾಗಿ ಹೇಳುತ್ತದೆ.

ಅಬ್ರಹಾಮನ ಹೆಂಡತಿ ಸಾರಾ 127ನೆಯ ವಯಸ್ಸಿನಲ್ಲಿ ಹೆಬ್ರೋನಿನಲ್ಲಿ ತೀರಿಕೊಂಡಳು. ಆ ನಾಡನ್ನು ದೇವರು ಅವನ ಸಂತತಿಗೆ ಕೊಡುವೆನೆಂದಿದ್ದರೂ ಹೆಂಡತಿಯನ್ನು ಹೂಳಲು ಅವನಿಗೆ ಅಂಗೈಯಗಲ ಭೂಮಿಯಿರಲಿಲ್ಲ. ಅಲ್ಲಿನ ಹಿತ್ತಿಯರು, ನಮ್ಮ ಶ್ರೇಷ್ಠ ಸಮಾಧಿಗಳಲ್ಲಿಯೇ ಹೂಳು ಎಂದರು. ಅವನು ಬಾಗಿ ನಮಸ್ಕರಿಸಿದನು, ಆದರೆ ಒಪ್ಪಲಿಲ್ಲ. ಮಕ್ಪೇಲದ ಗವಿಯ ಒಡೆಯ ಎಫ್ರೋನನು ಹೊಲವನ್ನೇ ದಾನವಾಗಿ ಕೊಡುವೆನೆಂದನು. ಅದಕ್ಕೂ ಒಪ್ಪಲಿಲ್ಲ. ಕೊನೆಗೆ ಎಫ್ರೋನನು, ನಮ್ಮಿಬ್ಬರ ನಡುವೆ 400 ಶೆಕೆಲ್ ಬೆಳ್ಳಿ ಯಾವ ಲೆಕ್ಕ ಎಂದನು. ಇಂಥ ಔದಾರ್ಯವನ್ನು ನಮ್ಮ ಸಂತೆಗಳಲ್ಲಿಯೂ ಕಂಡಿದ್ದೇವೆ! ಅಬ್ರಹಾಮನು ಚೌಕಾಸಿ ಮಾಡದೆ ಬೆಳ್ಳಿಯನ್ನು ತೂಗಿ ಕೊಟ್ಟನು. ಹೊಲ, ಗವಿ, ಎಲ್ಲೆಯೊಳಗಿನ ಮರಗಳು ಎಲ್ಲವೂ ಊರಬಾಗಿಲಲ್ಲಿ ಜನರ ಸಮಕ್ಷಮ ಅವನ ಸ್ವಾಧೀನವಾದವು. ಬೇರೊಬ್ಬರ ದಾಕ್ಷಿಣ್ಯದಲ್ಲಿರುವ ಸಮಾಧಿ ಮಕ್ಕಳ ಕಾಲಕ್ಕೆ ಉಳಿದೀತೆಂಬ ಭರವಸೆಯಿಲ್ಲ. ಅದಕ್ಕಾಗಿಯೇ ಅವನು ಬೆಲೆ ಕೊಟ್ಟನೆಂದು ನಮಗೆ ತೋರುತ್ತದೆ.

ಅಬ್ರಹಾಮನು 175ನೆಯ ವಯಸ್ಸಿನಲ್ಲಿ ತೀರಿದಾಗ ಅವನನ್ನು ಅದೇ ಗವಿಯಲ್ಲಿಟ್ಟವರು ಇಸಾಕ, ಇಷ್ಮಾಯೇಲ ಇಬ್ಬರೂ. ಇಷ್ಮಾಯೇಲನಾದರೋ ಚಿಕ್ಕಂದಿನಲ್ಲಿ ತಾಯಿಯೊಡನೆ ಮನೆಯಿಂದ ಹೊರಹಾಕಿಸಿಕೊಂಡವನು. ಇಸಾಕನ ಮಗ ಏಸಾವನು, ತಂದೆಯ ಶೋಕದ ದಿನಗಳು ಬಂದಾಗ ತಮ್ಮ ಯಾಕೋಬನನ್ನು ಕೊಲ್ಲುವೆನೆಂದು ಮನಸ್ಸಿನಲ್ಲಿಟ್ಟುಕೊಂಡಿದ್ದವನು. ಆ ದಿನ ಬಂದಾಗ ಇಬ್ಬರೂ ಕೂಡಿ ತಂದೆಯನ್ನು ಹೂಳಿದರು.

ಯಾಕೋಬನು ಐಗುಪ್ತದಲ್ಲಿ ಪ್ರಾಣಬಿಟ್ಟನು. ತನ್ನನ್ನು ಅಲ್ಲಿ ಹೂಳಬಾರದೆಂದು ಮಗ ಯೋಸೇಫನಿಂದ ಮೊದಲೇ ಪ್ರಮಾಣ ಮಾಡಿಸಿದ್ದನು. 40 ದಿನ ದೇಹಕ್ಕೆ ಸುಗಂಧದ್ರವ್ಯಗಳ ಲೇಪನ, 70 ದಿನ ಶೋಕ, ಆಮೇಲೆ ರಥಗಳೊಡನೆ ಮಕ್ಪೇಲದವರೆಗೆ ಪಯಣ. ಅವನ ಪ್ರಿಯಪತ್ನಿ ರಾಹೇಲಳು ಮಾತ್ರ ಆ ಗವಿಯಲ್ಲಿಲ್ಲ. ಪ್ರಸವದಲ್ಲಿ ತೀರಿದ ಅವಳನ್ನು ದಾರಿಯಲ್ಲೇ ಹೂಳಿ ಕಂಬ ನಿಲ್ಲಿಸಿದ್ದನು. ಯೋಸೇಫನೂ ತನ್ನ ಎಲುಬುಗಳನ್ನು ಒಯ್ಯಬೇಕೆಂದು ಪ್ರಮಾಣ ಮಾಡಿಸಿಕೊಂಡನು. ತಲೆಮಾರುಗಳು ಕಳೆದ ಮೇಲೆ ಮೋಶೆಯು ಅವನ್ನು ಹೊತ್ತು ಹೊರಟನು. 40 ವರ್ಷ ಅರಣ್ಯದಲ್ಲಿ ಅಲೆದ ಆ ಜನ, ಯಾಕೋಬನು ಹಿಂದೆ ಕೊಂಡಿದ್ದ ಶೆಕೆಮಿನ ಹೊಲದಲ್ಲಿ ಅವನ್ನು ಹೂಳಿದರು.

ಇಲ್ಲೊಂದು ಸೂಕ್ಷ್ಮವಿದೆ. ಸತ್ತವನು ತನ್ನ ಜನರನ್ನು ಸೇರಿದನೆಂದು ಆ ಗ್ರಂಥ ಹೇಳುತ್ತದೆ. ಯಾಕೋಬನ ವಿಷಯದಲ್ಲಿ ಈ ಮಾತು ಬರುವುದು ಐಗುಪ್ತದಲ್ಲಿ, ಹೂಳುವುದಕ್ಕೆ ಬಹಳ ಮುಂಚೆ. ಅಬ್ರಹಾಮನ ತಂದೆಯಂತೂ ದೂರದ ಹಾರಾನಿನಲ್ಲಿ ಸತ್ತವನು. ಆದ್ದರಿಂದ ಪಿತೃಗಳನ್ನು ಸೇರುವುದೇ ಬೇರೆ, ಗವಿಯನ್ನು ಸೇರುವುದೇ ಬೇರೆ. ಪಿಂಡಪ್ರದಾನದಂಥ ವಿಧಿಯೂ ಅಲ್ಲಿಲ್ಲ. ಬೆಳೆಯ ದಶಮಾಂಶದಲ್ಲಿ ಮೃತರಿಗೆ ಏನನ್ನೂ ಕೊಟ್ಟಿಲ್ಲವೆಂದು ದೇವರ ಮುಂದೆ ನುಡಿಯಬೇಕೆಂಬ ನಿಯಮವಿದೆ. ಹೀಗೆ ತಮ್ಮನ ಮಾತು ಸುಳ್ಳಲ್ಲ. ಆದರೂ ಯೋಸೇಫನ ಎಲುಬುಗಳನ್ನು ಯಾರೂ ದಾರಿಯಲ್ಲಿ ಬಿಡಲಿಲ್ಲ.

ಪ್ರಶ್ನೆ ಕೇಳಿದ ಭಕ್ತರು ಈ ಸಭೆಯಲ್ಲಿದ್ದಾರೆ. ಸಾಲ ತೀರಿಸಲು ಹೊಲ ಮಾರಲೇಬೇಕಾದರೆ ಮಾರಲಿ. ಸಮಾಧಿಯ ನೆಲವನ್ನು ಬಿಟ್ಟು ಅಳೆಯಿಸಲಿ, ಹೋಗಿಬರುವ ದಾರಿಯನ್ನು ಪತ್ರದಲ್ಲಿ ಬರೆಯಿಸಲಿ. ಅಳತೆಯ ದಿನ ಅಣ್ಣತಮ್ಮಂದಿರಿಬ್ಬರೂ ಅಲ್ಲಿರಲಿ.