ಬೀಗವಿಲ್ಲದ ತಂಗುದಾಣ

ಫಾಲ್ಗುಣ ಮಾಸ ಬಂತೆಂದರೆ ಬಾಗಲಕೋಟೆಯಿಂದ ಹುನಗುಂದ, ಇಳಕಲ್ಲಿನ ಮಾರ್ಗವಾಗಿ ಪಾದಯಾತ್ರಿಕರ ಸಾಲು ಹೊರಡುತ್ತದೆ. ಯುಗಾದಿಯ ಹೊತ್ತಿಗೆ ಶ್ರೀಶೈಲವನ್ನು ಮುಟ್ಟುವುದು ಅವರ ಸಂಕಲ್ಪ. ಹೆಗಲ ಮೇಲೆ ಕಂಬಿ, ತಲೆಯ ಮೇಲೆ ಕೌದಿಯ ಗಂಟು, ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಭಾಷೆಯೇ ಬೇರೆಯಾದ ಆಂಧ್ರದ ಆತ್ಮಕೂರನ್ನು ದಾಟಿ, ವೆಂಕಟಾಪುರದಿಂದ ನಲ್ಲಮಲ ಅರಣ್ಯವನ್ನು ಹೊಕ್ಕು, ಕೈಲಾಸದ್ವಾರವನ್ನು ಏರುವವರೆಗೆ ಅವರ ಹೆಸರಿನಲ್ಲಿ ಎಲ್ಲಿಯೂ ಒಂದು ಕೋಣೆ ಕಾದಿರುವುದಿಲ್ಲ.

ಕತ್ತಲಾದಲ್ಲಿ ಗುಡಿಯ ಕಟ್ಟೆ, ಶಾಲೆಯ ಅಂಗಳ, ಭಕ್ತರು ಹಾಕಿದ ಪೆಂಡಾಲು. ಊರವರು ದಾಸೋಹ ನಡೆಸುತ್ತಾರೆ. ಗುಳ್ಳೆಯೆದ್ದ ಕಾಲುಗಳಿಗೆ ಬಿಸಿನೀರು ಹಾಕಿ ಎಣ್ಣೆ ತಿಕ್ಕುತ್ತಾರೆ. ಭ್ರಮರಾಂಬೆಯನ್ನು ಮನೆಮಗಳೆಂದೂ ಮಲ್ಲಯ್ಯನನ್ನು ಅಳಿಯನೆಂದೂ ಭಾವಿಸುವ ಜನರಿವರು. ಮಗಳ ಮನೆಗೆ ಹೊರಟವರು ಮುಂಗಡ ಕೊಟ್ಟು ಜಾಗ ಹಿಡಿಯುವುದುಂಟೆ?

ಪರದೇಶಗಳಲ್ಲಿಯೂ ಈ ಪದ್ಧತಿ ಅಳಿದಿಲ್ಲ. ಸ್ಪೇನ್ ದೇಶದ ಸಾಂತಿಯಾಗೊ ನಗರಕ್ಕೆ, ಪ್ರೇಷಿತ ಸಂತ ಯಕೋಬರ ಸಮಾಧಿಯೆಡೆಗೆ ನಡೆಯುವವರಿಗೆ ಗಲೀಸಿಯ ಪ್ರಾಂತ್ಯದ ಸರಕಾರಿ ಯಾತ್ರಿನಿವಾಸಗಳಲ್ಲಿ ಮುಂಗಡ ಕಾಯ್ದಿರಿಸುವ ಕ್ರಮವಿಲ್ಲ. ಮೊದಲು ಬಂದವರಿಗೆ ಹಾಸಿಗೆ, ಸಾಮಾನ್ಯವಾಗಿ ಒಂದೇ ರಾತ್ರಿ. ಸ್ವೀಡನ್ ದೇಶದಲ್ಲಿ ಮನೆಗಳಿಂದ ದೂರವಾಗಿ, ಯಾರಿಗೂ ತೊಂದರೆಯಾಗದಂತೆ, ಅನ್ಯರ ನೆಲದಲ್ಲಿಯೂ ಒಂದೆರಡು ರಾತ್ರಿ ಗುಡಾರ ಹಾಕುವುದು ಎಲ್ಲರ ಹಕ್ಕು.

ಫ್ರಾನ್ಸಿನ ಕಥೋಲಿಕ ತತ್ತ್ವಜ್ಞಾನಿ ಗಾಬ್ರಿಯೆಲ್ ಮಾರ್ಸೆಲ್ ಮನುಷ್ಯನನ್ನು ದಾರಿಹೋಕನೆಂದು ಕರೆದು, ಭರವಸೆಯ ತತ್ತ್ವವನ್ನು ಅಲ್ಲಿಂದಲೇ ಬೆಳೆಸಿದನು. ಲೆಕ್ಕಾಚಾರ ಬೇರೆ, ಭರವಸೆ ಬೇರೆ. ಎಲ್ಲವನ್ನೂ ಮೊದಲೇ ಕಾಯ್ದಿರಿಸಿದವನಿಗೆ ಪರರ ಕರುಣೆಯ ಅವಶ್ಯಕತೆಯೇ ಬೀಳದು. ಆದರೆ ದಾರಿಹೋಕನು ಭರವಸೆಯಿಡಬೇಕಾದರೆ ದಾರಿಬದಿಯಲ್ಲಿ ಯಾರಾದರೊಬ್ಬರು ಬಾಗಿಲು ತೆರೆದಿರಬೇಕು.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ, ತಪಸ್ಸುಕಾಲದ ಒಂದು ರಾತ್ರಿ, ಎಂದಿನಂತೆ ದೇವಾಲಯದ ಗೇಟಿಗೆ ಬೀಗ ಹಾಕಿ ಮಲಗಿದೆವು. ಬೆಳಗಿನ ಬಲಿಪೂಜೆಗೆಂದು ಗೇಟು ತೆರೆದಾಗ ಕಾಂಪೌಂಡಿನ ಹೊರಗೆ, ರಸ್ತೆಯ ಧೂಳಿನಲ್ಲಿ, ಯಾತ್ರಿಕರ ಕುಟುಂಬವೊಂದು ಕೌದಿ ಹೊದ್ದು ಮಲಗಿತ್ತು. "ಗೇಟು ಬಡಿಯಬಾರದಿತ್ತೆ, ತಾಯಿ?" ಎಂದೆವು. "ನಿಮ್ಮ ನಿದ್ದಿ ಯಾಕ ಕೆಡಸೂದಂತ ಸುಮ್ಮನಾದ್ವಿರೀ ಯಪ್ಪಾ" ಎಂದರು ಆ ವೃದ್ಧೆ. ಛತ್ರದಲ್ಲಿ ಸ್ಥಳ ಸಿಗದ ಕುಟುಂಬದ ಕಥೆಯನ್ನು ಪ್ರತಿ ಕ್ರಿಸ್ಮಸ್ ರಾತ್ರಿ ಬೋಧಿಸುವ ನಮಗೆ ಉತ್ತರ ತೋಚಲಿಲ್ಲ.

ಮರುವರ್ಷ ಗೇಟು ತೆರೆದಿಡೋಣವೆಂದಾಗ ಧರ್ಮಕೇಂದ್ರದ ಹಿರಿಯರು ಕೆಲವರು ಹಿಂಜರಿದರು. ಕಳವಾದರೆ? ಅವರು ನಮ್ಮ ಧರ್ಮದವರಲ್ಲವಲ್ಲ? ಭಯ ಸಹಜವೇ. ಆದರೆ ಮಮ್ರೆಯ ಮರಗಳ ಬಳಿ ಗುಡಾರದ ಬಾಗಿಲಲ್ಲಿ ಕುಳಿತಿದ್ದ ಅಬ್ರಹಾಮನು ಮೂವರು ಅಪರಿಚಿತರ ಕುಲಗೋತ್ರ ವಿಚಾರಿಸಲಿಲ್ಲ, ಎದ್ದು ಓಡಿದನು. ಸಭಾಂಗಣದಲ್ಲಿ ಚಾಪೆ ಹಾಸಿ, ನೀರಿನ ಹರವಿ ತುಂಬಿಸಿ, ದೀಪ ಉರಿಸಿ ಇಟ್ಟೆವು. ಹಿಂಜರಿದವರ ಮನೆಗಳಿಂದಲೇ ಮಜ್ಜಿಗೆ ಬಂದಿತು.

ಧರ್ಮಕೇಂದ್ರವೆಂದು ನಾವು ಕರೆಯುವುದಕ್ಕೆ ಆದಿಸಭೆಯವರು ಬಳಸಿದ ಗ್ರೀಕ್ ಪದ 'ಪರೊಯ್ಕಿಯ'. ಪರಸ್ಥಳದಲ್ಲಿ ತಾತ್ಕಾಲಿಕವಾಗಿ ವಾಸಿಸುವುದು ಎಂಬುದೇ ಅದರ ಮೂಲಾರ್ಥ. ದೈವವಾಣಿ ಮನುಷ್ಯನಾದುದನ್ನು ಹೇಳುವಾಗ ಸಂತ ಯೊವಾನ್ನರು ಆರಿಸಿಕೊಂಡ ಕ್ರಿಯಾಪದವೂ ಗುಡಾರ ಹಾಕುವುದಕ್ಕೆ ಸಂಬಂಧಿಸಿದುದೇ. ನಮ್ಮ ನಡುವೆ ಬಿಡಾರ ಹೂಡಿದ ದೇವರನ್ನು ನಂಬುವವರು ಬಿಡಾರ ಹುಡುಕುವವರಿಗೆ ಬೀಗ ತೋರಿಸಲಾದೀತೆ?

ಪ್ರಿಯ ವಾಚಕರೇ, ಈ ತಪಸ್ಸುಕಾಲದಲ್ಲಿ ಉಪವಾಸದೊಂದಿಗೆ ಇದನ್ನೂ ಕೈಗೊಳ್ಳೋಣ. ಯಾತ್ರಿಕರು ಸಾಗುವ ದಾರಿಯಲ್ಲಿ ಮನೆಯಿದ್ದವರು ಒಂದು ಕೊಡ ನೀರು, ಒಂದು ಚಾಪೆಯ ಜಾಗ ಇರಿಸೋಣ. ಅವರು ಬಡಿಯುವ ಮೊದಲೇ ಬಾಗಿಲು ತೆರೆದಿರಲಿ.