ಹರಿದ ಸ್ವೆಟರಿನ ಶಾಸ್ತ್ರ

ಯಳಂದೂರು ತಾಲ್ಲೂಕಿನ ಮಾಂಬಳ್ಳಿಯಲ್ಲಿ ಸರಕಾರದ ರೇಷ್ಮೆ ನೂಲಿನ ಕಾರ್ಖಾನೆಯಿದ್ದುದನ್ನು ಬಲ್ಲವರಿಗೂ, ಕೊಳ್ಳೇಗಾಲದ ಮಗ್ಗದಿಂದಿಳಿದ ಸೀರೆಯನ್ನು ಪೆಟ್ಟಿಗೆಯ ತಳದಲ್ಲಿ ಜೋಪಾನವಾಗಿರಿಸಿಕೊಂಡವರಿಗೂ, ಬಟ್ಟೆಯ ಗುಣವೆಂದರೆ ಅದರ ಅಚ್ಚುಕಟ್ಟು, ಹೊಳಪು, ಎಳೆ ತಪ್ಪದ ಸಮತೆ ಎಂಬ ವಿಷಯದಲ್ಲಿ ಸಂದೇಹವಿರಲಾರದು. ಅಂಥ ಸೀಮೆಯ ತರುಣನೊಬ್ಬನು ಬೆಂಗಳೂರಿನಲ್ಲಿ 1997ರಲ್ಲಿ ಆರಂಭವಾದ ನಿಫ್ಟ್ ಎಂಬ ಫ್ಯಾಷನ್ ಸಂಸ್ಥೆಯನ್ನು ಸೇರಿ, ಅಲ್ಲಿ ಒಂದು ಪ್ರತ್ಯೇಕ ವ್ಯಾಸಂಗವೇ ಆಗಿರುವ ಹೆಣಿಗೆ ಉಡುಪಿನ ವಿನ್ಯಾಸವನ್ನು ಕಲಿತು, ಗಂಡಸರಿಗಾಗಿ ಪಂಕ್ ಮಾದರಿಯ ಸ್ವೆಟರುಗಳ ಸಂಗ್ರಹವೊಂದನ್ನು ರಚಿಸಿ, ಅದರಲ್ಲಿ ಅಲ್ಲಲ್ಲಿ ತೂತುಬಿದ್ದ, ತೋಳು ಅಂಗೈಯನ್ನೂ ಮೀರಿ ಜೋಲುವ, ಎದೆಗೆ ಪಿನ್ನು ಚುಚ್ಚಿದ ಒಂದನ್ನು ಊರಿಗೆ ತಂದನೆಂದು ಭಾವಿಸೋಣ. ಅವನ ಅಜ್ಜಿ ಮಾಡುವ ಮೊದಲ ಕೆಲಸ ಸೂಜಿದಾರವನ್ನು ಹುಡುಕುವುದು. ಅಜ್ಜಿಯನ್ನು ಕಂಡು ನಗುವ ಮುನ್ನ, ಆ ತೂತು ಅಲ್ಲಿಗೆ ಹೇಗೆ ಬಂದಿತು, ಏಕೆ ನಿಂತಿತು ಎಂಬುದನ್ನು ವಿಚಾರಿಸುವುದು ಯುಕ್ತ.

ಪಂಕ್ ಎಂಬುದು 1970ರ ದಶಕದ ಮಧ್ಯಭಾಗದಲ್ಲಿ, ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ ಹತ್ತು ಲಕ್ಷವನ್ನು ದಾಟಿದ್ದ ಕಾಲದಲ್ಲಿ, ಲಂಡನ್ನಿನ ಬೀದಿಗಳಲ್ಲಿ ತಲೆಯೆತ್ತಿದ ಸಂಗೀತ, ಉಡುಪು ಮತ್ತು ಔದ್ಧತ್ಯಗಳ ಸಮ್ಮಿಶ್ರಣ. ಹಿಂದೆ ಶಾಲಾ ಉಪಾಧ್ಯಾಯಿನಿಯಾಗಿದ್ದ ವಿವಿಯನ್ ವೆಸ್ಟ್‌ವುಡ್ ಮತ್ತು ಆಕೆಯ ಸಂಗಾತಿ ಮ್ಯಾಲ್ಕಮ್ ಮೆಕ್ಲಾರೆನ್ ಇಬ್ಬರೂ ಕಿಂಗ್ಸ್ ರೋಡಿನ 430ನೆಯ ಸಂಖ್ಯೆಯ ಕಟ್ಟಡದಲ್ಲಿ 1971ರಲ್ಲಿ ತೆರೆದ ಅಂಗಡಿಯು, ಮೇಲಿಂದ ಮೇಲೆ ಹೆಸರು ಬದಲಿಸಿಕೊಂಡು, 1976ರಲ್ಲಿ ‘ಸೆಡಿಷನರೀಸ್’ ಎಂಬ ನಾಮಧೇಯವನ್ನು ಪಡೆಯಿತು. ಮೆಕ್ಲಾರೆನ್ ನಡೆಸುತ್ತಿದ್ದ ‘ಸೆಕ್ಸ್ ಪಿಸ್ಟಲ್ಸ್’ ವಾದ್ಯಮೇಳದ ಹುಡುಗರು ತೊಟ್ಟು ಪ್ರಸಿದ್ಧಗೊಳಿಸಿದ, ಬಲೆಯಷ್ಟು ಸಡಿಲವಾಗಿ ಹೆಣೆದ ಮೊಹೇರ್ ಸ್ವೆಟರು ಆ ಅಂಗಡಿಯದೇ. ಅಚ್ಚುಕಟ್ಟಾಗಿ ಉಡುವ ಸಮಾಜವು ತಮಗೆ ಕೆಲಸ ಕೊಡಲಿಲ್ಲ. ಅದರ ಅಚ್ಚುಕಟ್ಟು ತಮಗೇಕೆ ಎಂಬುದು ಆ ಹುಡುಗರ ತರ್ಕ.

ವೇಷದಿಂದಲೇ ಸಭ್ಯರನ್ನು ಕೆಣಕುವ ಈ ಉಪಾಯವು ನಮ್ಮ ಸೀಮೆಗೆ ಹೊಸತೇನೂ ಅಲ್ಲ. ನೀಲಗಾರರು ತಂಬೂರಿ ಹಿಡಿದು ಹಾಡುವ ಕಾವ್ಯದಲ್ಲಿ ಮಂಟೇಸ್ವಾಮಿಯು ಕಲ್ಯಾಣಕ್ಕೆ ಬರುವುದು ಪೀತಾಂಬರ ಉಟ್ಟಲ್ಲ. ನೋಡಿದವರು ಮೂಗು ಮುಚ್ಚಿಕೊಳ್ಳುವಂಥ ಅಸಹ್ಯರೂಪದಲ್ಲಿ ಬಂದು ಅವನು ಶರಣರ ಶರಣತ್ವವನ್ನು ಒರೆಗೆ ಹಚ್ಚುತ್ತಾನೆ. ಮಂಟೇಸ್ವಾಮಿ ಪರಂಪರೆಯ ಚಿಕ್ಕಲ್ಲೂರು ಜಾತ್ರೆಯನ್ನು ಕಂಡು ಬೆಳೆದ ವಿದ್ಯಾರ್ಥಿಗೆ ಪ್ರತಿಭಟನೆಯ ಪಾಠಕ್ಕಾಗಿ ಲಂಡನ್ನಿಗೇ ಹೋಗಬೇಕಾದ ಅಗತ್ಯವಿಲ್ಲವೆಂದು ನನ್ನ ಅಭಿಪ್ರಾಯ. ಆದರೆ ಮಂಟೇಸ್ವಾಮಿಯ ಚಿತ್ರವನ್ನು ಸ್ವೆಟರಿನ ಬೆನ್ನಿಗೆ ಅಚ್ಚೊತ್ತಿ ‘ಸ್ಥಳೀಯ ಸ್ಫೂರ್ತಿ’ ಎಂದು ಬರೆದುಕೊಂಡರೆ ಅದು ಅಲಂಕಾರವಾದೀತೇ ಹೊರತು ಪ್ರತಿಭಟನೆಯಾಗದು.

ಇನ್ನು ಹೆಣಿಗೆಯ ವಿಚಾರ. ಮಗ್ಗದ ಬಟ್ಟೆಯಲ್ಲಿ ಹಾಸು ಹೊಕ್ಕುಗಳೆಂಬ ಎರಡು ಬಗೆಯ ಎಳೆಗಳು ಒಂದನ್ನೊಂದು ಅಡ್ಡಹಾಯ್ದು ಬಿಗಿದುಕೊಳ್ಳುವುದರಿಂದ, ಒಂದೆರಡು ಎಳೆ ಕಡಿದರೂ ಉಳಿದವು ನಿಲ್ಲುತ್ತವೆ. ಸ್ವೆಟರಿನಲ್ಲಾದರೋ ಸಾಮಾನ್ಯವಾಗಿ ಒಂದೇ ಎಳೆಯು ಕುಣಿಕೆ ಕುಣಿಕೆಯಾಗಿ ಬಾಗಿ, ಕೆಳಗಿನ ಸಾಲಿನ ಪ್ರತಿ ಕುಣಿಕೆಯನ್ನೂ ಮೇಲಿನ ಸಾಲಿನ ಕುಣಿಕೆಯೊಂದು ಹಿಡಿದಿರುತ್ತದೆ. ಆದುದರಿಂದಲೇ ಅದು ಮೈಗೆ ತಕ್ಕಂತೆ ಹಿಗ್ಗುತ್ತದೆ, ಆದುದರಿಂದಲೇ ಒಂದು ಕುಣಿಕೆ ಕಳಚಿತೆಂದರೆ ಅದರ ನೇರಕ್ಕಿರುವ ಕಂಬವೆಲ್ಲ ಮೇಲಿನಿಂದ ಕೆಳಕ್ಕೆ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಹರಿದಂತೆ ಕಾಣುವ ಸ್ವೆಟರನ್ನು ಹೆಣೆಯುವುದು ಹರಿಯದ ಸ್ವೆಟರನ್ನು ಹೆಣೆಯುವುದಕ್ಕಿಂತ ಕಠಿನವಾಗುವುದು ಇಲ್ಲಿಯೇ: ತೂತು ಎಲ್ಲಿ ಮೊದಲಾಗಬೇಕೆಂಬುದಕ್ಕಿಂತ ಎಲ್ಲಿ ನಿಲ್ಲಬೇಕೆಂಬುದೇ ವಿದ್ಯೆ.

ಈ ವಿದ್ಯೆಗೂ ಬಂಡಾಯಕ್ಕೂ ಹಳೆಯ ನಂಟುಂಟು. ವಿಲಿಯಂ ಲೀ ಎಂಬ ಪಾದ್ರಿಯು 1589ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪ್ರಾಂತ್ಯದಲ್ಲಿ ಕಾಲುಚೀಲ ಹೆಣೆಯುವ ಯಂತ್ರವನ್ನು ನಿರ್ಮಿಸಿದನು. 1811ರಲ್ಲಿ ಅದೇ ಪ್ರಾಂತ್ಯದ ಹೆಣಿಗೆಗಾರರು ರಾತ್ರಿವೇಳೆ ಯಂತ್ರಗಳನ್ನು ಒಡೆಯತೊಡಗಿದರು. ಇತಿಹಾಸದಲ್ಲಿ ಲಡ್ಡೈಟರೆಂದು ಹೆಸರಾದ ಇವರನ್ನು ಯಂತ್ರದ್ವೇಷಿಗಳೆಂದಷ್ಟೇ ತಿಳಿಯುವುದು ಅನ್ಯಾಯ. ಅಗಲವಾದ ಯಂತ್ರದಲ್ಲಿ ಹೆಣೆದ ಹಾಳೆಯನ್ನು ಕತ್ತರಿಸಿ ಹೊಲಿದು ಕಾಲುಚೀಲವೆಂದು ಮಾರುತ್ತಿದ್ದ ಮಾಲೀಕರ ಮೇಲೆ ಅವರ ಕೋಪ. ಹಾಗೆ ಕತ್ತರಿಸಿದ ಮಾಲು ಬೇಗ ಬಿಚ್ಚಿಕೊಂಡು ಕಸುಬಿನ ಮಾನವನ್ನೂ ಕೂಲಿಯನ್ನೂ ಒಟ್ಟಿಗೆ ಕಳೆಯುತ್ತಿದ್ದಿತು. ಬಿಚ್ಚಿಕೊಳ್ಳಬಾರದೆಂದು ದಂಗೆಯೆದ್ದವರ ದೇಶದಲ್ಲಿಯೇ, ಸುಮಾರು ನೂರ ಅರವತ್ತೈದು ವರ್ಷಗಳ ತರುವಾಯ, ಬಿಚ್ಚಿಕೊಂಡಂತಿರುವುದೇ ದಂಗೆಯ ಲಾಂಛನವಾಯಿತು.

ನಮ್ಮ ವಿದ್ಯಾರ್ಥಿಗೆ ಎದುರಾಗುವ ಪ್ರಥಮ ವಿಘ್ನ ನೂಲಿನದು. ಮೊಹೇರ್ ಎಂಬುದು ಅಂಗೋರಾ ಆಡಿನ ಉಣ್ಣೆ. ಅದರ ನೀಳವಾದ ನವಿರು ಕೂದಲುಗಳು ಪರಸ್ಪರ ತೊಡರಿಕೊಳ್ಳುವುದರಿಂದ ಹೆಣಿಗೆ ಎಷ್ಟು ಸಡಿಲವಾದರೂ ಕುಣಿಕೆ ಜಾರದು. ಆದರೆ ಏಪ್ರಿಲ್ ತಿಂಗಳ ಕೊಳ್ಳೇಗಾಲದಲ್ಲಿ ಅದನ್ನು ತೊಡುವುದು ಫ್ಯಾಷನ್ ಅಲ್ಲ, ಪ್ರಾಯಶ್ಚಿತ್ತ. ಊರಿನ ರೇಷ್ಮೆಯನ್ನೇ ಬಳಸೋಣವೆಂದರೆ, ಗೂಡಿನಿಂದ ನೂರಾರು ಮೀಟರಿನ ಅಖಂಡ ಎಳೆಯಾಗಿ ಬಿಚ್ಚಿದ ನುಣುಪಾದ ನೂಲಿನಲ್ಲಿ ಕುಣಿಕೆಗೆ ಹಿಡಿತವೆಂಬುದೇ ಇಲ್ಲ. ಮೇಲಾಗಿ ಉಣ್ಣೆಯಂತೆ ಪುಟಿದು ಹಿಂದಕ್ಕೆ ಬರುವ ಗುಣವು ಅದಕ್ಕಿಲ್ಲವಾದುದರಿಂದ ಅಂಚು ಜೋತುಬೀಳುತ್ತದೆ. ಪರಿಹಾರವಿರುವುದು ಬಿಚ್ಚಾಣಿಕೆಯವರು ಬೇರೆ ಹಾಕುವ ರಾಶಿಯಲ್ಲಿ. ಚಿಟ್ಟೆ ಕೊರೆದು ಹೊರಬಂದ ಗೂಡು, ಸಿಕ್ಕುಬಿದ್ದ ಎಳೆ, ಬಿಚ್ಚಲು ಬಾರದ ಒಳಪದರ ಇವನ್ನು ಹತ್ತಿಯಂತೆ ಹಿಂಜಿ ನೂತರೆ, ತುಂಡುನಾರುಗಳಿಂದಾದ, ಹೊಳಪು ಕಡಮೆಯ, ಮೈತುಂಬ ಸಣ್ಣ ನವಿರುಳ್ಳ ನೂಲು ದೊರೆಯುತ್ತದೆ. ಇಂಥ ನೂಲಿನ ಗಿರಣಿಯು ಚನ್ನಪಟ್ಟಣದಲ್ಲಿ ಸಂಸ್ಥಾನದ ಕಾಲದಲ್ಲಿಯೇ ಸ್ಥಾಪಿತವಾದುದು. ಈ ನವಿರು, ಮೊಹೇರಿನಷ್ಟಲ್ಲದಿದ್ದರೂ, ಕುಣಿಕೆಯನ್ನು ಹಿಡಿದುಕೊಳ್ಳುತ್ತದೆ. ಸೀರೆಗೆ ಬೇಡವಾದ ರೇಷ್ಮೆಯೇ ಪಂಕಿಗೆ ಒದಗುವುದು. ತಿರಸ್ಕೃತರ ಉಡುಪಿಗೆ ತಿರಸ್ಕೃತ ನೂಲೇ ನ್ಯಾಯವೆಂದು ಬೇಕಾದರೆ ಹೇಳಿಕೊಳ್ಳಬಹುದು.

ನೂಲು ಗೊತ್ತಾದ ಮೇಲೆ ಅಂಗೈಯಗಲದ ಮಾದರಿ ತುಂಡುಗಳನ್ನು ಹೆಣೆದು ನೋಡುವುದು ವಾಡಿಕೆ. ಅಂಗುಲಕ್ಕೆ 12 ಸೂಜಿಯ ಯಂತ್ರವು ನಯವಾದ ಹೆಣಿಗೆಯನ್ನು ಕೊಟ್ಟರೆ, 3 ಸೂಜಿಯದು ಕಂಬಳಿಯ ದಪ್ಪವನ್ನು ಕೊಡುತ್ತದೆ. ತೂತಿಗಾಗಿ ಕತ್ತರಿಯನ್ನು ಮುಟ್ಟದೆ, ಒಂದು ಸೂಜಿಯ ಕುಣಿಕೆಯನ್ನು ಪಕ್ಕದ ಸೂಜಿಗೆ ಸಾಗಿಸಬೇಕು, ಇಲ್ಲವೆ ಎರಡು ಬಿಗಿ ಸಾಲುಗಳ ನಡುವೆ ಕೆಲವನ್ನು ಬೇಕೆಂದೇ ಕಳಚಬೇಕು. ಜಪಾನಿನ ವಿನ್ಯಾಸಕಿ ರೇ ಕವಾಕುಬೊ 1982ರಲ್ಲಿ ಪ್ರದರ್ಶಿಸಿದ ತೂತುಗಳ ಕಪ್ಪು ಸ್ವೆಟರಿಗಾಗಿ ಹೆಣಿಗೆಯಂತ್ರದ ತಿರುಪುಗಳನ್ನೇ ಸಡಿಲಗೊಳಿಸಿದ್ದುಂಟು. ಯಂತ್ರವನ್ನು ಬಲ್ಲವರಲ್ಲದೆ ಇತರರು ಅದನ್ನು ಹೀಗೆ ಕೆಡಿಸಲಾರರು. ಅಮೆರಿಕದ ವಾಲ್ಟರ್ ಹಂಟ್ 1849ರಲ್ಲಿ ಹಕ್ಕುಪಡೆದ ಸೇಫ್ಟಿ ಪಿನ್ನಿಗೂ ಇಲ್ಲಿ ನಿಜವಾದ ಉದ್ಯೋಗವೊಂದಿದೆ: ಕಳಚಿದ ಕುಣಿಕೆಯನ್ನು ಮುಂದಕ್ಕೆ ಜಾರದಂತೆ ಹಿಡಿಯುವುದು. ಹಾಗೆ ಹಿಡಿಯದ ಪಿನ್ನು ಬರಿಯ ಒಡವೆ.

ಯಂತ್ರಕ್ಕಾಗಿ ಬಹುದೂರ ಹೋಗಬೇಕಿಲ್ಲ. ಇಂದು ಭಾರತದ ಬನಿಯನ್ನಿನ ರಾಜಧಾನಿಯೆನಿಸಿದ ತಿರುಪ್ಪೂರೂ ರೇಷ್ಮೆಯ ಕೊಳ್ಳೇಗಾಲವೂ 1956ರವರೆಗೆ ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದುವು; ರಾಜ್ಯಗಳ ಪುನರ್ವಿಂಗಡಣೆಯಾಗಿ ಹೆಣಿಗೆ ಆ ಕಡೆಗೂ ರೇಷ್ಮೆ ಈ ಕಡೆಗೂ ಉಳಿದುವು. ಇವೆರಡನ್ನೂ ಒಂದೇ ಅಂಗಿಯಲ್ಲಿ ಕೂಡಿಸುವ ಕಾರ್ಯವು ವಿದ್ಯಾರ್ಥಿಯ ಸಂಗ್ರಹವೊಂದಕ್ಕೆ ಸಾಲದಷ್ಟು ಸಣ್ಣದೇನಲ್ಲ.

ಅಂಗಡಿಯಲ್ಲಿ ಹರಿದ ಸ್ವೆಟರೊಂದು ದುಬಾರಿ ಬೆಲೆಗೆ ಕಂಡುಬಂದರೆ ಓದುಗರು ಅದನ್ನು ಒಳಮಗ್ಗುಲಾಗಿ ತಿರುವಿ ತೂತಿನ ಅಂಚನ್ನು ನೋಡಬೇಕು. ಅಂಚಿನ ಸುತ್ತ ಕುಣಿಕೆಗಳು ಒಂದನ್ನೊಂದು ಹಿಡಿದಿದ್ದರೆ ಅದು ಬಲ್ಲವರ ಕೆಲಸ. ಕತ್ತರಿಯ ಗುರುತಿದ್ದರೆ ಹಣವನ್ನು ಜೇಬಿನಲ್ಲಿಯೇ ಇರಿಸಿಕೊಳ್ಳುವುದು ಲೇಸು, ಕೆಲವೇ ಒಗೆತಗಳಲ್ಲಿ ಅದು ಬಿಚ್ಚಿಹೋಗುತ್ತದೆ.