ಮೂರಕ್ಕೆ ಮೂರೂ ಗಡಿಯಾರ ಕೈಕೊಟ್ಟಾಗ

ಒಂದು ಉಪಗ್ರಹಕ್ಕೆ ಮೂರು ಗಡಿಯಾರ ಯಾಕೆ?

ದಾರಿ ತೋರಿಸುವ ಉಪಗ್ರಹಕ್ಕೆ ಸಮಯವೇ ಅಳತೆಗೋಲು.
ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ
ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ.
ಬೇಡಕಿಹಾಳದಂಥ ಊರಲ್ಲಿ ಓಣಿಯೇ ಬದಲಾದಂತೆ!

ಅದಕ್ಕೇ 2013ರಲ್ಲಿ ಇಸ್ರೋ ಹಾರಿಸಿದ
ಐಆರ್‌ಎನ್‌ಎಸ್‌ಎಸ್-1ಎ ಉಪಗ್ರಹದಲ್ಲಿ
ಮೂರು ರುಬಿಡಿಯಂ ಪರಮಾಣು ಗಡಿಯಾರಗಳಿದ್ದವು.
ಒಂದು ಕೆಟ್ಟರೆ ಇನ್ನೊಂದು.
ಅದೂ ಕೆಟ್ಟರೆ ಮತ್ತೊಂದು.

ಒಂದು ಕೆಡುವ ಸಂಭವ ಹತ್ತರಲ್ಲೊಂದು ಎಂದಿಟ್ಟುಕೊಳ್ಳಿ.
ಮೂರೂ ಕೆಡುವ ಸಂಭವ ಸಾವಿರದಲ್ಲೊಂದು.
ಆದರೆ ಒಂದು ಷರತ್ತು:
ಒಂದು ಕೆಡುವುದಕ್ಕೂ ಇನ್ನೊಂದು ಕೆಡುವುದಕ್ಕೂ ಸಂಬಂಧ ಇರಬಾರದು.

ಮೂರೂ ಕೈಕೊಟ್ಟವು.
ಮೂರೂ ಒಂದೇ ಬಗೆಯವು.
ಒಂದರ ದೌರ್ಬಲ್ಯ ಉಳಿದವಕ್ಕೂ ಇರುವುದು ಸಹಜ.

ದೂಧಗಂಗಾ ದಂಡೆಯ ಜಾಕ್‌ವೆಲ್ ನೆನಪಿಸಿಕೊಳ್ಳಿ.
ಕಬ್ಬಿಗೆ ನೀರೆತ್ತಲು ಒಂದು ಮೋಟರು,
ಪಕ್ಕದಲ್ಲೇ ಸ್ಟ್ಯಾಂಡ್‌ಬೈ ಇನ್ನೊಂದು.
ಒಂದರ ವೈಂಡಿಂಗ್ ಸುಟ್ಟರೆ ಇನ್ನೊಂದು ಓಡುತ್ತದೆ.
ಕರೆಂಟು ಹೋದರೆ? ಎರಡೂ ನಿಂತವು.
ಮಹಾಪೂರ ಬಂದರೆ? ಎರಡೂ ಮುಳುಗಿದವು.

ಬದಲಿ ಇದ್ದರೆ ಸಾಲದು, ಬೇರೆ ಬಗೆಯದಿರಬೇಕು.
ಯುರೋಪಿನ ಒಂದೊಂದು ಗೆಲಿಲಿಯೊ ಉಪಗ್ರಹದಲ್ಲೂ ನಾಲ್ಕು ಗಡಿಯಾರ.
ಎರಡು ರುಬಿಡಿಯಂ,
ಎರಡು ಹೈಡ್ರೋಜನ್ ಮೇಸರ್.

ಇತ್ತ ಇಸ್ರೋ 2017ರಲ್ಲಿ ಬದಲಿ ಉಪಗ್ರಹವನ್ನೇ ಕಳಿಸಿತು.
ರಾಕೆಟ್ಟಿನ ಶಾಖಕವಚ ಬಿಚ್ಚಲಿಲ್ಲ, ಉಪಗ್ರಹ ಒಳಗೇ ಉಳಿಯಿತು.
ಬದಲಿಗೂ ಬದಲಿ ಬೇಕಾಯಿತು!
2018ರ ಏಪ್ರಿಲ್‌ನಲ್ಲಿ ಐಆರ್‌ಎನ್‌ಎಸ್‌ಎಸ್-1ಐ ಉಪಗ್ರಹ ಕಕ್ಷೆ ಸೇರಿತು.
2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ
ಭಾರತದಲ್ಲೇ ತಯಾರಾದ ರುಬಿಡಿಯಂ ಗಡಿಯಾರ
ಮೊದಲ ಬಾರಿಗೆ ಆಕಾಶಕ್ಕೇರಿತು.